ಗಿರ್ ಅರಣ್ಯದ ಸಿಂಹಗಳು

ಕನ್ನಡಿಗರ ಮನೆಗಳಲ್ಲಿ ಸಿಂಹವು ಅಪರಿಚಿತವಾದ ಪ್ರಾಣಿಯಲ್ಲ. ಪಂಚತಂತ್ರದಲ್ಲಿ ಪಿಂಗಳಕನೆಂಬ ಹೆಸರಿನಿಂದ ಅದು ಕಾಡನ್ನಾಳುತ್ತದೆ. ದೇವಿಗೆ ವಾಹನವಾಗಿ ನಿಲ್ಲುತ್ತದೆ. ಅರಸನೇರುವ ಪೀಠಕ್ಕೆ ತನ್ನ ಹೆಸರನ್ನೇ ಕೊಟ್ಟಿದೆ. ಬನವಾಸಿಯ ಕದಂಬರಿಗೆ ಅದು ಲಾಂಛನವಾಗಿತ್ತು. ಹೊಯ್ಸಳರ ಕಥೆಯಲ್ಲಿ ಸಳನು ಹೊಡೆದದ್ದು ಹುಲಿಯೆಂದಿದ್ದರೂ ಬೇಲೂರಿನ ರೂವಾರಿಗಳು ಕಂಡರಿಸಿದ ಮೃಗವು ಸಿಂಹವನ್ನೇ ಹೋಲುತ್ತದೆ. ಇಷ್ಟು ಬಳಕೆಯಲ್ಲಿದ್ದರೂ ಐತಿಹಾಸಿಕ ಕಾಲದಲ್ಲಿ ನರ್ಮದೆಯಿಂದ ದಕ್ಷಿಣಕ್ಕೆ ಕಾಡುಸಿಂಹವು ನೆಲೆಸಿತ್ತೆಂಬುದಕ್ಕೆ ನಂಬತಕ್ಕ ಆಧಾರ ದೊರೆತಿಲ್ಲ. ಕನ್ನಡನಾಡಿನ ಶಿಲ್ಪಿಯು ಕಣ್ಣಿಂದ ಕಾಣದ ಮೃಗವನ್ನು ಶಾಸ್ತ್ರದಿಂದಲೂ ಊಹೆಯಿಂದಲೂ ಕಡೆದನು. ದೇವಾಲಯಗಳ ಸಿಂಹಗಳಿಗೆ ಸುರುಳಿಗೂದಲೂ ಗುಂಡುಗಣ್ಣೂ ಬಂದದ್ದಕ್ಕೆ ಇದೂ ಒಂದು ಕಾರಣವಾಗಿರಬಹುದು.

ಪ್ರಾಚೀನ ಕಾಲದಲ್ಲಿ ಈ ಮೃಗದ ರಾಜ್ಯವು ಬಹು ವಿಸ್ತಾರವಾಗಿತ್ತು. ಗ್ರೀಸ್ ದೇಶದಿಂದ ಮೊದಲುಗೊಂಡು ಏಷ್ಯಾಮೈನರ್, ಸಿರಿಯಾ, ಮೆಸೊಪೊಟೇಮಿಯಾ, ಪರ್ಷಿಯಾಗಳನ್ನು ಹಾಯ್ದು ಉತ್ತರ ಹಿಂದೂಸ್ಥಾನದ ಬಯಲುಗಳವರೆಗೆ ಅದು ಹರಡಿತ್ತು. ಕ್ರಿಸ್ತಪೂರ್ವ 7ನೆಯ ಶತಮಾನದಲ್ಲಿ ಅಸ್ಸೀರಿಯದ ಅಸುರ್ಬನಿಪಾಲ ದೊರೆಯು ನಿನೆವೆಯ ಅರಮನೆಯ ಗೋಡೆಗಳ ಮೇಲೆ ತನ್ನ ಸಿಂಹಬೇಟೆಯನ್ನು ಕೆತ್ತಿಸಿದನು. ಬಾಣಗಳು ನಟ್ಟು ನೆತ್ತರು ಕಾರುತ್ತಿರುವ ಆ ಸಿಂಹಗಳನ್ನು ನೋಡಿದರೆ ಶಿಲ್ಪಿಯ ಮರುಕವು ಅರಸನ ಕಡೆಗಲ್ಲ, ಮೃಗದ ಕಡೆಗೇ ಇದ್ದಂತೆ ತೋರುತ್ತದೆ. ಭರತಖಂಡದಲ್ಲಾದರೋ ಒಂದು ವಿಚಿತ್ರವುಂಟು. ಸಿಂಧೂತೀರದ ಪುರಾತನ ಮುದ್ರೆಗಳಲ್ಲಿ ಆನೆಯಿದೆ, ಖಡ್ಗಮೃಗವಿದೆ, ಹುಲಿಯಿದೆ, ಸಿಂಹವಿಲ್ಲ. ಋಗ್ವೇದದಲ್ಲಿ ಸಿಂಹದ ಹೆಸರಿದೆ, ಹುಲಿಯ ಹೆಸರಿಲ್ಲ. ಇವೆರಡರ ಮೇಲೆ ವಿದ್ವಾಂಸರು ಹಲವು ವಾದಗಳನ್ನು ಕಟ್ಟಿದ್ದಾರೆ. ಅವುಗಳ ಜಗಳ ಇಲ್ಲಿ ಬೇಡ. ಅಶೋಕನ ಕಾಲಕ್ಕೆ ಬರುವ ಹೊತ್ತಿಗೆ ಸಿಂಹವು ಸಾರಾನಾಥದ ಸ್ತಂಭದ ತುದಿಯನ್ನೇರಿದೆ. ಅಲ್ಲಿಂದಿಳಿದು 1950ರಲ್ಲಿ ಅದು ಭಾರತ ಗಣರಾಜ್ಯದ ಮುದ್ರೆಯಾಯಿತು. ಗುಪ್ತವಂಶದ ಎರಡನೆಯ ಚಂದ್ರಗುಪ್ತನು ಸಿಂಹವನ್ನು ಕೊಲ್ಲುತ್ತಿರುವ ತನ್ನ ಚಿತ್ರವನ್ನು ಚಿನ್ನದ ನಾಣ್ಯದಲ್ಲಿ ಅಚ್ಚೊತ್ತಿಸಿದನು. ಶಕ ಕ್ಷತ್ರಪರಿಂದ ಸೌರಾಷ್ಟ್ರವನ್ನು ಗೆದ್ದುದರ ಕುರುಹು ಇದೆಂದು ಅನೇಕರ ಅಭಿಪ್ರಾಯ.

ಮೊಗಲರ ಕಾಲದಲ್ಲಿ ಸಿಂಹದ ಬೇಟೆಯು ಬಾದಶಹನ ಸ್ವತ್ತು. ಔರಂಗಜೇಬನ ಆಸ್ಥಾನವನ್ನು ಕಂಡ ಫ್ರೆಂಚ್ ವೈದ್ಯ ಬರ್ನಿಯರನು ಇದರ ಕ್ರಮವನ್ನು ಬರೆದಿಟ್ಟಿದ್ದಾನೆ. ಸಿಂಹವಿರುವ ತಾವಿನಲ್ಲಿ ಕತ್ತೆಯನ್ನು ಕಟ್ಟುವರು. ಕೊನೆಯ ಕತ್ತೆಗೆ ಬಹಳ ಅಫೀಮನ್ನು ತಿನ್ನಿಸಿರುವರು. ಅದನ್ನು ತಿಂದು ಮಂಪರಗೊಂಡ ಸಿಂಹವನ್ನು ಬಲೆಗಳಿಂದ ಸುತ್ತುಗಟ್ಟಿದ ಮೇಲೆ ಬಾದಶಹನು ಆನೆಯೇರಿ ಬಂದು ಗುಂಡು ಹಾರಿಸುವನು. ಮೃಗವು ಬಿದ್ದರೆ ರಾಜ್ಯಕ್ಕೆ ಶುಭ. ತಪ್ಪಿಸಿಕೊಂಡು ಹೋದರೆ ಅಪಶಕುನ. ಇಷ್ಟೊಂದು ಉಪಾಯ ಮಾಡಿದ ಮೇಲೂ ಸಿಂಹವು ತಪ್ಪಿಸಿಕೊಂಡರೆ ಅಪಶಕುನವೆನ್ನಿಸದೆ ಇನ್ನೇನು? ಈ ಬರಹಗಳನ್ನು ಓದುವವರು ಒಂದು ಎಚ್ಚರಿಕೆಯನ್ನು ಇಟ್ಟುಕೊಳ್ಳಬೇಕು. ‘ಶೇರ್’ ಎಂಬ ಮಾತು ಈ ದೇಶದಲ್ಲಿ ಸಿಂಹಕ್ಕೂ ಸಲ್ಲುತ್ತದೆ, ಹುಲಿಗೂ ಸಲ್ಲುತ್ತದೆ. ಜಹಾಂಗೀರನ ಬೇಟೆಯ ಲೆಕ್ಕದಲ್ಲಿ ಯಾವುದು ಯಾವುದೆಂದು ಎಲ್ಲ ಕಡೆಯಲ್ಲಿಯೂ ನಿಶ್ಚಯಿಸಿ ಹೇಳಲಾಗದು. ಅದು ಹೇಗೇ ಇರಲಿ, ಬೇಟೆಯ ಹಕ್ಕು ಒಬ್ಬನದೇ ಆಗಿದ್ದಷ್ಟು ಕಾಲ ಸಿಂಹಕ್ಕೆ ಒಬ್ಬನೇ ಶತ್ರುವಿದ್ದನು. ಈ ಮಾತು ಮುಂದೆ ಜುನಾಗಢದ ವಿಷಯದಲ್ಲಿ ಪ್ರಯೋಜನಕ್ಕೆ ಬರುತ್ತದೆ.

ಮೊಗಲರ ಹಿಡಿತ ಸಡಿಲವಾದ ಮೇಲೆ ಕೋವಿಯು ಅನೇಕರ ಕೈಗೆ ಬಂತು. ಹುಲಿಯಂತೆ ಸಿಂಹವು ದಟ್ಟವಾದ ಕಾಡನ್ನು ಹೊಕ್ಕು ಅಡಗುವುದಿಲ್ಲ. ಕುರುಚಲು ಬಯಲು, ಹುಲ್ಲುಗಾವಲು, ತೆರೆದ ಕಾಡು ಇವೇ ಅದಕ್ಕೆ ಪ್ರಿಯ. ಹಗಲಲ್ಲಿ ಮರದ ನೆರಳಲ್ಲಿ ಮಲಗಿ, ಜನ ಸಮೀಪಿಸಿದರೂ ಒಡನೆ ಎದ್ದೋಡುವ ಸ್ವಭಾವ ಅದಕ್ಕಿಲ್ಲ. ಕುದುರೆಯೇರಿ ಬಂದ ಕಂಪನಿಯ ಅಧಿಕಾರಿಗೆ ಇದಕ್ಕಿಂತ ಸುಲಭವಾದ ಗುರಿ ಮತ್ತೊಂದಿರಲಿಲ್ಲ. ಅದೇ ಕಾಲದಲ್ಲಿ ಬಯಲುಗಳು ನೇಗಿಲಿಗೆ ಒಳಗಾದುವು. ಪಲಾಮುವಿನಲ್ಲಿ 1814ರಲ್ಲಿ, ಹರಿಯಾಣದಲ್ಲಿ 1834ರಲ್ಲಿ, ಮಧ್ಯಭಾರತದ ಗುನಾದಲ್ಲಿ 1873ರಲ್ಲಿ ಆಯಾ ಸೀಮೆಯ ಕಡೆಯ ಸಿಂಹಗಳ ಉಲ್ಲೇಖಗಳಿವೆ. 19ನೆಯ ಶತಮಾನ ಮುಗಿಯುವುದರೊಳಗೆ ಕಾಠಿಯಾವಾಡದ ಹೊರಗೆ ಹಿಂದೂಸ್ಥಾನದಲ್ಲೆಲ್ಲಿಯೂ ಸಿಂಹವುಳಿಯಲಿಲ್ಲ. ಪರ್ಷಿಯಾದಲ್ಲಿ 1940ರ ದಶಕದವರೆಗೆ ಕೆಲವು ಕಣ್ಣಿಗೆ ಬಿದ್ದುವು. ಆಮೇಲೆ ಅಲ್ಲಿಯೂ ಇಲ್ಲವಾದುವು. ಒಂದು ಖಂಡದ ಸಿಂಹಸಂತತಿಯೆಲ್ಲ ಒಂದು ಕಾಡಿನೊಳಗೆ ಬಂದು ನಿಂತಿತು.

ಆ ಕಾಡೇ ಗಿರ್. ಸೌರಾಷ್ಟ್ರದ ದಕ್ಷಿಣದಲ್ಲಿ, ತಗ್ಗು ಗುಡ್ಡಗಳ ಮೇಲೆ, ತೇಗವೂ ಜಾಲಿಯೂ ಬೆರೆತು ಬೆಳೆದಿರುವ ಒಣಗಾಡು ಇದು. ಬೇಸಗೆಯಲ್ಲಿ ಎಲೆಯುದುರಿ ಬೋಳಾಗುತ್ತದೆ. ಹಿರಣ್ ಮೊದಲಾದ ಹೊಳೆಗಳ ಮಡುಗಳಲ್ಲಿ ಮಾತ್ರ ನೀರು ಉಳಿಯುತ್ತದೆ. ಹಿಂದೆ ಚಳಿಜ್ವರಕ್ಕೂ, ಅರಸರ ಮೇಲೆ ಮುನಿದು ಹೊರಬಿದ್ದ ಬಹಾರ್‌ವಟಿಯಾಗಳೆಂಬ ಬಂಡುಕೋರರಿಗೂ ಈ ಕಾಡು ಹೆಸರಾಗಿತ್ತು. ಇವೆರಡರ ಭಯದಿಂದ ಒಕ್ಕಲಿಗರ ನೇಗಿಲು ಬಹುಕಾಲ ಒಳಗೆ ನುಗ್ಗಲಿಲ್ಲ. ಸಿಂಹವು ಇಲ್ಲಿಯೇ ಉಳಿದುದಕ್ಕೆ ಕಾರಣಗಳನ್ನು ಹುಡುಕುವವರು ಸೊಳ್ಳೆಯ ಉಪಕಾರವನ್ನು ಮರೆಯಬಾರದು.

ಕಾಡಿನ ಬಹುಭಾಗವು ಜುನಾಗಢದ ನವಾಬರದು. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ನವಾಬರು ಸಿಂಹದ ಬೇಟೆಯನ್ನು ತಮ್ಮ ಅಪ್ಪಣೆಯಿಲ್ಲದೆ ನಡೆಯದಂತೆ ಬಿಗಿಮಾಡಿದರು. ಇದರಲ್ಲಿ ಭೂತದಯೆ ಎಷ್ಟು, ಪ್ರತಿಷ್ಠೆ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಬೇರೆಲ್ಲಿಯೂ ಇಲ್ಲದ ಮೃಗವು ತಮ್ಮಲ್ಲಿದೆಯೆಂಬುದು ಸಣ್ಣ ಸಂಸ್ಥಾನಕ್ಕೆ ದೊಡ್ಡ ಸಂಪತ್ತು. ಗವರ್ನರನಾಗಲಿ, ನೆರೆಯ ಮಹಾರಾಜನಾಗಲಿ, ಒಂದು ಸಿಂಹಕ್ಕಾಗಿ ನವಾಬನ ಬಾಗಿಲಿಗೆ ಬರಬೇಕು. ನೆರೆಯ ಸಂಸ್ಥಾನಗಳವರು ಗಡಿಯಂಚಿನಲ್ಲಿ ಎಳೆಗೋಣಗಳನ್ನು ಕಟ್ಟಿ ಸಿಂಹಗಳನ್ನು ತಮ್ಮ ಕಡೆಗೆ ಸೆಳೆದು ಕೊಲ್ಲುತ್ತಾರೆಂದು ಜುನಾಗಢದ ದೂರೂ ಇತ್ತು. 1900ರಲ್ಲಿ ವೈಸ್‌ರಾಯ್ ಲಾರ್ಡ್ ಕರ್ಜನನು ಜುನಾಗಢಕ್ಕೆ ಬಂದಾಗ ನವಾಬ ರಸೂಲ್‌ಖಾನನು ಅವನಿಗೆ ಸಿಂಹದ ಬೇಟೆಯನ್ನು ಅಣಿಮಾಡಿದ್ದನು. ಅಳಿವಿನಂಚಿನ ಮೃಗವನ್ನು ವೈಸ್‌ರಾಯನೇ ಕೊಲ್ಲುವುದು ಸರಿಯೇ ಎಂಬ ಆಕ್ಷೇಪ ಅಷ್ಟರಲ್ಲಿ ಎದ್ದಿತು. ಕರ್ಜನನು ಬೇಟೆಯನ್ನು ಬಿಟ್ಟನು. ಸಿಂಹವನ್ನು ಕಾಪಾಡಿರೆಂದು ನವಾಬನಿಗೆ ಹೇಳಿ ಹೋದನು. ಸಾಮ್ರಾಜ್ಯದ ಇತಿಹಾಸದಲ್ಲಿ ಹಾರದೆ ಉಳಿದ ಒಂದು ಗುಂಡಿಗೆ ಇಷ್ಟು ಕೀರ್ತಿ ಬಂದ ಉದಾಹರಣೆ ಅಪೂರ್ವ.

ಇಲ್ಲಿ ಒಂದು ಸಂಖ್ಯೆಯ ವಿಚಾರವನ್ನು ತುಸು ನಿಂತು ನೋಡಬೇಕಾಗಿದೆ. 20ನೆಯ ಶತಮಾನದ ಮೊದಲಲ್ಲಿ ಗಿರ್‌ನಲ್ಲಿ ಹನ್ನೆರಡೋ ಇಪ್ಪತ್ತೋ ಸಿಂಹಗಳು ಮಾತ್ರ ಉಳಿದಿದ್ದುವೆಂದು ಪುಸ್ತಕದಿಂದ ಪುಸ್ತಕಕ್ಕೆ ಬರುತ್ತಿದೆ. 1913ರಲ್ಲಿ ಸಂಸ್ಥಾನದ ಮುಖ್ಯ ಅರಣ್ಯಾಧಿಕಾರಿಯು ಇಪ್ಪತ್ತಕ್ಕಿಂತ ಹೆಚ್ಚಿಲ್ಲವೆಂದು ತಿಳಿಸಿದುದು ಇದಕ್ಕೆ ಮುಖ್ಯವಾದ ಆಧಾರ. ಆದರೆ 1936ರಲ್ಲಿ ಸಂಸ್ಥಾನವು ಎಣಿಕೆ ಮಾಡಿಸಿದಾಗ ಬಂದ ಲೆಕ್ಕ 287. ಇಪ್ಪತ್ತಮೂರು ವರ್ಷಗಳಲ್ಲಿ, ನಡುನಡುವೆ ಅತಿಥಿಗಳ ಬೇಟೆಯೂ ನಡೆಯುತ್ತಿದ್ದಾಗ, ಇಪ್ಪತ್ತು ಹದಿನಾಲ್ಕು ಪಾಲಾಗಿ ಬೆಳೆಯಿತೆಂದು ನಂಬಬೇಕು! ಸ್ವತಂತ್ರ ಭಾರತದಲ್ಲಿ ಬೇಟೆಯು ಸಂಪೂರ್ಣವಾಗಿ ನಿಂತು ಕಾಡಿಗೆ ಕಟ್ಟುನಿಟ್ಟಾದ ಕಾವಲು ಬಿದ್ದ ಮೇಲೂ 1974ರಲ್ಲಿ 180 ಇದ್ದದ್ದು 2001ರಲ್ಲಿ 327 ಆಯಿತು. ಇಪ್ಪತ್ತೇಳು ವರ್ಷಗಳಲ್ಲಿ ಎರಡು ಪಾಲೂ ಆಗಲಿಲ್ಲ. ಎರಡು ಲೆಕ್ಕಗಳನ್ನು ಒಟ್ಟಿಗಿಟ್ಟು ನೋಡಿದವರಿಗೆ ಹಳೆಯ ಇಪ್ಪತ್ತು ನಿಲ್ಲುವುದಿಲ್ಲ. ಸಿಂಹಗಳ ಚರಿತ್ರೆಯನ್ನು ಬರೆದ ದಿವ್ಯಭಾನುಸಿಂಹರೂ ಈ ಸಂಖ್ಯೆಯನ್ನು ನಂಬುವುದಿಲ್ಲ. ಬೇಟೆಯ ಅಪ್ಪಣೆ ಬೇಡಿ ಬರುವ ದೊಡ್ಡವರನ್ನು ಮರ್ಯಾದೆಯಿಂದ ಹಿಂದಕ್ಕೆ ಕಳುಹಲು ‘ಇರುವುದೇ ಇಷ್ಟು’ ಎಂಬ ಮಾತಿಗಿಂತ ಒಳ್ಳೆಯ ಉತ್ತರ ಯಾವುದಿದ್ದೀತು? ಬೇಕೆಂದೇ ತಗ್ಗಿಸಿ ಹೇಳಿದ ಸಂಖ್ಯೆಯಾದರೆ ಅದನ್ನು ಸುಳ್ಳೆನ್ನುವುದಕ್ಕಿಂತ ರಕ್ಷಾಕವಚವೆನ್ನುವುದೇ ನ್ಯಾಯ. 1936ರ ಎಣಿಕೆಯೂ ಇಂದಿನ ಕ್ರಮದಿಂದ ನಡೆದುದಲ್ಲ. ಅದರಲ್ಲಿ ಹೆಚ್ಚುಕಡಿಮೆ ಇರಬಹುದು. ಆದರೂ ಸಿಂಹವು ನಂಬಿದ್ದಷ್ಟು ಕೆಳಕ್ಕೆ ಇಳಿದಿರಲಾರದು.

ಅರಸರ ಹೆಸರು ದಫ್ತರಗಳಲ್ಲಿ ಉಳಿಯುತ್ತದೆ. ದನಗಾಹಿಯ ಹೆಸರು ಉಳಿಯುವುದಿಲ್ಲ. ಗಿರ್ ಕಾಡಿನೊಳಗೆ ಮಾಲ್ಧಾರಿಗಳೆಂಬ ಪಶುಪಾಲಕರು ತಲೆತಲಾಂತರದಿಂದ ವಾಸವಾಗಿದ್ದಾರೆ. ಚಾರಣ, ರಬಾರಿ, ಭರವಾಡ ಮೊದಲಾದ ಕುಲಗಳವರು ಇವರಲ್ಲಿ ಸೇರಿದ್ದಾರೆ. ‘ನೆಸ್’ ಎಂಬ ಇವರ ಹಟ್ಟಿಗೆ ಸುತ್ತಲೂ ಮುಳ್ಳಿನ ಬೇಲಿ. ಒಳಗೆ ಮಣ್ಣಿನ ಗುಡಿಸಲುಗಳು, ಎಮ್ಮೆಗಳು, ಡೊಂಕುಕೊಂಬಿನ ಗಿರ್ ಹಸುಗಳು. ಇವರ ಜೀವನವೆಲ್ಲ ಹಾಲು ಮತ್ತು ತುಪ್ಪದ ಮೇಲೆ. ಹಗಲು ದನಗಳು ಕಾಡಿನಲ್ಲಿ ಮೇಯುವುವು, ಕಾಯುವವನ ಕೈಯಲ್ಲಿ ಒಂದು ಕೋಲು, ಬಹಳವಾದರೆ ಒಂದು ಕೊಡಲಿ. ಇಂತಹವರ ದನಗಳನ್ನು ತಿಂದು ಸಿಂಹವು ಬದುಕಿತು. ಇದು ಅಲಂಕಾರದ ಮಾತಲ್ಲ. 1960ರ ದಶಕದ ಕೊನೆಯಲ್ಲಿ ಪಾಲ್ ಜೋಸ್ಲಿನ್ ಎಂಬ ಸಂಶೋಧಕನು ಗಿರ್‌ಗೆ ಬಂದು ಸಿಂಹಗಳ ಆಹಾರವನ್ನು ಪರೀಕ್ಷಿಸಿದಾಗ ಅದರಲ್ಲಿ ಸುಮಾರು ಮುಕ್ಕಾಲು ಪಾಲು ಸಾಕಿದ ದನಗಳೇ ಆಗಿದ್ದುವು. ಕಾಡಿನ ಜಿಂಕೆ ಕಡವೆಗಳು ಮೇವಿಲ್ಲದೆ ಅಷ್ಟು ಕ್ಷೀಣಿಸಿದ್ದುವು.

ಅದಕ್ಕಿಂತಲೂ ಸೋಜಿಗವಾದ ಒಂದು ಸಂಗತಿಯನ್ನು ಅವನು ಕಂಡನು. ಸಿಂಹವು ದನವನ್ನು ಕೊಂದ ಸುದ್ದಿ ಹಬ್ಬುತ್ತಲೇ ಚರ್ಮ ಸುಲಿಯುವವರು ಬಂದು, ಸಿಂಹವನ್ನು ಕೂಗಿ ಕಲ್ಲೆಸೆದು ಓಡಿಸಿ, ಚರ್ಮವನ್ನು ತೆಗೆದುಕೊಂಡು ಹೋಗುತ್ತಿದ್ದರು. ಸುಲಿದ ಹೆಣಕ್ಕೆ ಕ್ಷಣದಲ್ಲಿ ರಣಹದ್ದುಗಳು ಎರಗುತ್ತಿದ್ದುವು. ಸಿಂಹ ಮರಳಿ ಬರುವ ವೇಳೆಗೆ ಮೂಳೆ ಉಳಿಯುತ್ತಿತ್ತು. ಹಸಿದ ಸಿಂಹವು ಮತ್ತೊಂದು ದನವನ್ನು ಕೊಲ್ಲಬೇಕು. ಮತ್ತೊಬ್ಬ ಮಾಲ್ಧಾರಿಗೆ ನಷ್ಟ. ಬಡ ಚರ್ಮದವನು ಬಡ ದನಗಾಹಿಯನ್ನು ತಾನರಿಯದೆ ಮತ್ತಷ್ಟು ಬಡವನನ್ನಾಗಿ ಮಾಡುತ್ತಿದ್ದನು, ನಡುವೆ ಮೃಗರಾಜನು ಉಪವಾಸ. ಸೈರಣೆ ಮುಗಿದು ದನದ ಹೆಣಕ್ಕೆ ವಿಷವಿಟ್ಟು ಸಿಂಹವನ್ನು ಕೊಂದವರೂ ಉಂಟು. ಮಾಲ್ಧಾರಿಗಳನ್ನು ಸಂತರೆಂದು ವರ್ಣಿಸುವುದು ಇತಿಹಾಸವಲ್ಲ. ಆದರೆ ಹಿಂದೂಸ್ಥಾನದ ಉಳಿದೆಡೆಗಳಲ್ಲಿ ಸಿಂಹವು ಒಂದು ಹಸುವನ್ನು ಕೊಂದುದೇ ಅದರ ಮರಣಕ್ಕೆ ಸಾಕಾಗುತ್ತಿದ್ದಾಗ, ಇಲ್ಲಿ ಅದು ಸಾವಿರಾರು ಹಸುಗಳನ್ನು ತಿಂದೂ ಬದುಕಿತು. 1899-1900ರ ‘ಛಪ್ಪನಿಯಾ’ ಕ್ಷಾಮದಲ್ಲಿ ದನಗಳು ಸತ್ತು ಹೋದ ಮೇಲೆ ಸಿಂಹಗಳು ಮನುಷ್ಯರ ಮೇಲೆ ಬಿದ್ದುವು. ಆಗಲೂ ಕಾಡಿನವರು ಕಾಡನ್ನು ಬಿಟ್ಟು ಹೋಗಲಿಲ್ಲ. ನವಾಬನ ಅಪ್ಪಣೆಯು ಕೋವಿಯನ್ನು ತಡೆಯಿತು. ಸಿಂಹಕ್ಕೆ ಅನ್ನವಿಟ್ಟದ್ದು ಮಾಲ್ಧಾರಿಯ ಕೊಟ್ಟಿಗೆ.

1947ರಲ್ಲಿ ಕೊನೆಯ ನವಾಬ ಮಹಾಬತ್‌ಖಾನನು ಪಾಕಿಸ್ತಾನಕ್ಕೆ ಹೊರಟುಹೋದನು. ಅವನು ತನ್ನ ನಾಯಿಗಳನ್ನು ಕರೆದೊಯ್ದ ಕಥೆಯನ್ನು ಜನ ಇಂದಿಗೂ ನಗುತ್ತ ಹೇಳುತ್ತಾರೆ. ಹಿಂದೆ ಬಿಟ್ಟುಹೋದ ಸಿಂಹಗಳಿಗಾಗಿ ಅವನನ್ನು ನೆನೆಯುವವರು ಕಡಿಮೆ. 1950ರ ಎಣಿಕೆಯಲ್ಲಿ 219ರಿಂದ 227, 1955ರಲ್ಲಿ 290, 1963ರಲ್ಲಿ 285 ಎಂದು ಲೆಕ್ಕ ಬಂದಿತು. ಹೆಜ್ಜೆಗುರುತುಗಳನ್ನು ನೆಚ್ಚಿದ ಹಳೆಯ ಕ್ರಮವನ್ನು ಬಿಟ್ಟು 1968ರಲ್ಲಿ ಎಣಿಸಿದಾಗ 177 ಮಾತ್ರ ಸಿಕ್ಕಿದುವು. ಇದರಿಂದ ಸರ್ಕಾರವು ಎಚ್ಚೆತ್ತಿತು. 1965ರಲ್ಲಿಯೇ ಅಭಯಾರಣ್ಯವಾಗಿದ್ದ ಗಿರ್‌ನ ನಡುಭಾಗವು 1975ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಹೊರಗಿನಿಂದ ಮೇಯಲು ಬರುವ ಮಂದೆಗಳನ್ನು ತಡೆಯಲು ಕಲ್ಲಿನ ಗೋಡೆ ಕಟ್ಟಿದರು. 1972ರಿಂದ ನೂರಾರು ಮಾಲ್ಧಾರಿ ಕುಟುಂಬಗಳನ್ನು ಕಾಡಿನಿಂದ ಹೊರಗೆ ನೆಲೆಗೊಳಿಸಿದರು. ಹುಲ್ಲು ಮರಳಿ ಬೆಳೆಯಿತು, ಜಿಂಕೆಗಳು ಹಲವು ಮಡಿ ಹೆಚ್ಚಿದುವು, 1980ರ ದಶಕದ ಕೊನೆಗೆ ರವಿ ಚೆಲ್ಲಂ ಅಧ್ಯಯನ ಮಾಡಿದಾಗ ಸಿಂಹದ ಊಟದಲ್ಲಿ ಕಾಡುಮೃಗಗಳದೇ ದೊಡ್ಡ ಪಾಲಾಗಿತ್ತು. ಕಾಡಿಗೆ ಲಾಭವಾಯಿತು, ನಿಸ್ಸಂದೇಹ. ತಲೆಮಾರುಗಳಿಂದ ಎಮ್ಮೆ ಕಾಯ್ದ ಕೈಗೆ ಒಣಭೂಮಿಯ ನೇಗಿಲನ್ನು ಕೊಟ್ಟಾಗ ಅದು ಒಗ್ಗದೆ ನೆಲೆತಪ್ಪಿದವರು ಅನೇಕರು. ಈ ಸಂಗತಿಯು ಸಿಂಹಗಳ ಏಳಿಗೆಯ ವರದಿಗಳಲ್ಲಿ ಸಣ್ಣಕ್ಷರದಲ್ಲಿರುತ್ತದೆ.

ಗಿರ್‌ನ ಸಿಂಹವು ಆಫ್ರಿಕದ ಸಿಂಹಕ್ಕಿಂತ ರೂಪದಲ್ಲಿಯೂ ನಡತೆಯಲ್ಲಿಯೂ ತುಸು ಬೇರೆ. ಹೊಟ್ಟೆಯ ಕೆಳಗೆ ಉದ್ದಕ್ಕೂ ಜೋಲುವ ಚರ್ಮದ ಮಡಿಕೆ ಇದರ ಗುರುತು. ಗಂಡಿನ ಕೇಸರವು ವಿರಳವಾಗಿರುವುದರಿಂದ ಕಿವಿಗಳು ಚೆನ್ನಾಗಿ ಕಾಣುತ್ತವೆ. ಆಫ್ರಿಕದ ಬಯಲುಗಳಲ್ಲಿ ಗಂಡುಹೆಣ್ಣುಗಳು ದೊಡ್ಡ ಗುಂಪಾಗಿ ಕೂಡಿ ಬಾಳುತ್ತವೆ. ಇಲ್ಲಿ ಹೆಣ್ಣುಗಳು ಎರಡು ಮೂರು ಸೇರಿ ಮರಿಗಳೊಡನೆ ಇರುತ್ತವೆ. ಗಂಡುಗಳು ಬೇರೆಯಾಗಿ, ಒಂಟಿಯಾಗಿಯೋ ಜೊತೆಗಾರರೊಡನೆಯೋ ಅಲೆಯುತ್ತವೆ. ಕೂಡುವ ಕಾಲದಲ್ಲಿಯೋ ದೊಡ್ಡ ಬೇಟೆ ಬಿದ್ದಾಗಲೋ ಮಾತ್ರ ಒಂದೆಡೆ ಸೇರುತ್ತವೆ. ಒಂದು ಜಿಂಕೆಯ ಮಾಂಸವನ್ನು ದೊಡ್ಡ ಸಂಸಾರಕ್ಕೆ ಹಂಚಲಾಗದೆಂಬುದೇ ಇದಕ್ಕೆ ಕಾರಣವೆಂದು ತಿಳಿದವರು ಹೇಳುತ್ತಾರೆ. ಹೊಸದಾಗಿ ಬಂದ ಗಂಡು ಹಳೆಯ ಗಂಡಿನ ಮರಿಗಳನ್ನು ಕೊಲ್ಲುವುದು ಸಿಂಹಕುಲದ ಕ್ರೂರಧರ್ಮ. ಅದಕ್ಕೆ ಗಿರ್‌ನ ಹೆಣ್ಣುಗಳು ಒಂದು ಪ್ರತ್ಯುಪಾಯವನ್ನು ಕಂಡುಕೊಂಡಿವೆ: ನೆರೆಯ ಹಲವು ಗಂಡುಗಳೊಡನೆ ಕೂಡುವುದರಿಂದ ಮರಿಯು ಯಾರದೆಂದು ಯಾವ ಗಂಡಿಗೂ ನಿಶ್ಚಯವಾಗದು, ಆದಕಾರಣ ಯಾವುದೂ ಕೊಲ್ಲಲಾರದು. 2018ರ ಕೊನೆಯಲ್ಲಿ ಇಲ್ಲಿಯ ಒಂದು ಸಿಂಹಿಣಿಯು ತನ್ನ ಮರಿಗಳೊಡನೆ ಒಂದು ಚಿರತೆಯ ಮರಿಗೂ ಮೊಲೆಯೂಡಿಸಿ ಸುಮಾರು ಒಂದೂವರೆ ತಿಂಗಳು ಸಾಕಿತು. ಹುಟ್ಟಿನಿಂದಲೇ ಇದ್ದ ಅಂಗದೋಷದಿಂದ ಮರಿ ಸತ್ತಿತು. ಜಾತಿವೈರವೆಂದು ನಿಘಂಟುಗಳು ಕರೆಯುವುದಕ್ಕೆ ಕಾಡಿನಲ್ಲಿ ಅಪವಾದಗಳೂ ಇರುತ್ತವೆ.

2001ರಿಂದೀಚೆಗೆ ಬೆಳವಣಿಗೆ ಬಿರುಸಾಯಿತು. 2010ರಲ್ಲಿ 411, 2015ರಲ್ಲಿ 523, 2020ರಲ್ಲಿ 674, 2025ರ ಎಣಿಕೆಯಲ್ಲಿ 891. ಇವುಗಳಲ್ಲಿ ಗಿರ್‌ನ ಉದ್ಯಾನ ಮತ್ತು ಅಭಯಾರಣ್ಯಗಳೊಳಗೆ ಇದ್ದುವು 384; ಮಿಕ್ಕ 507 ಹೊರಗಿನ ಊರು, ಹೊಲ, ಕುರುಚಲುಗಳಲ್ಲಿ, ಸಮುದ್ರತೀರದವರೆಗೆ ಹರಡಿದ್ದುವು. ಮಾವಿನ ತೋಪುಗಳಲ್ಲಿಯೂ ಕಬ್ಬಿನ ಗದ್ದೆಗಳಲ್ಲಿಯೂ ಅವು ಹಗಲು ಕಳೆಯುತ್ತವೆ. ಬೆಳೆ ತಿನ್ನುವ ನೀಲಗಾಯಿ ಮತ್ತು ಹಂದಿಗಳನ್ನು ಹಿಡಿಯುತ್ತವೆಯಾದುದರಿಂದ ಹಲವು ರೈತರು ಅವುಗಳನ್ನು ಸಹಿಸುತ್ತಾರೆ. ಕಟ್ಟೆಯಿಲ್ಲದ ಬಾವಿಗಳಿಗೆ ಬಿದ್ದು, ರೈಲಿಗೆ ಸಿಕ್ಕಿ ಸಾಯುವ ಸಿಂಹಗಳೂ ಕೆಲವು.

ಇಷ್ಟೆಲ್ಲವೂ ಒಂದೇ ನಾಡಿನಲ್ಲಿರುವುದೇ ಬಲ್ಲವರ ಚಿಂತೆಗೆ ಕಾರಣ. 1994ರಲ್ಲಿ ಆಫ್ರಿಕದ ಸೆರೆಂಗೆಟಿಯಲ್ಲಿ ನಾಯಿಗಳಿಂದ ಹರಡುವ ‘ಡಿಸ್ಟೆಂಪರ್’ ರೋಗ ತಗಲಿ ಅಲ್ಲಿಯ ಸಿಂಹಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಸತ್ತುವು. 2018ರ ಸೆಪ್ಟೆಂಬರ್ ಅಕ್ಟೋಬರ್‌ಗಳಲ್ಲಿ ಅದೇ ರೋಗವು ಗಿರ್‌ನ ದಲ್ಖಾನಿಯಾ ವಲಯದಲ್ಲಿ ಕಾಣಿಸಿಕೊಂಡು, ಮೂರು ವಾರಗಳೊಳಗೆ ಅಲ್ಲಿ 23 ಸಿಂಹಗಳು ಸತ್ತುವು. ಎರಡನೆಯ ನೆಲೆ ಬೇಕೆಂಬ ಯೋಚನೆಯಾದರೋ ಹಳೆಯದು. 20ನೆಯ ಶತಮಾನದ ಮೊದಲಲ್ಲಿ ಗ್ವಾಲಿಯರ್ ಮಹಾರಾಜನು ಆಫ್ರಿಕದಿಂದ ಸಿಂಹಗಳನ್ನು ತರಿಸಿ ಶ್ಯೋಪುರದ ಕಾಡಿಗೆ ಬಿಡಿಸಿದನು. ಅವು ದನಗಳನ್ನೂ ಜನರನ್ನೂ ಹಿಡಿಯತೊಡಗಿ ನಾಶವಾದುವು. 1957ರಲ್ಲಿ ಗಿರ್‌ನಿಂದ ಒಂದು ಗಂಡು, ಎರಡು ಹೆಣ್ಣುಗಳನ್ನು ಉತ್ತರಪ್ರದೇಶದ ಚಂದ್ರಪ್ರಭಾ ಅಭಯಾರಣ್ಯಕ್ಕೆ ಒಯ್ದರು. ಅವು 1965ರ ವೇಳೆಗೆ ಹನ್ನೊಂದಾಗಿ, ಬಳಿಕ ಸ್ವಲ್ಪ ಕಾಲದಲ್ಲಿಯೇ ಕಾಣದಂತಾದುವು.

1990ರ ದಶಕದಲ್ಲಿ ವಿದ್ವಾಂಸರು ಹಲವು ಕಾಡುಗಳನ್ನು ನೋಡಿ ಅದೇ ಶ್ಯೋಪುರದ ಸೀಮೆಯ ಕೂನೋ ಅರಣ್ಯವನ್ನು ಆರಿಸಿದರು. ಅಲ್ಲಿಯ 24 ಹಳ್ಳಿಗಳು ತೆರವಾದುವು. ಹೊರಟವರಲ್ಲಿ ಹೆಚ್ಚಿನವರು ಸಹರಿಯಾ ಎಂಬ ವನವಾಸಿಗಳು. ಗುಜರಾತ್ ಸರ್ಕಾರವು ಸಿಂಹಗಳನ್ನು ಕೊಡಲೊಪ್ಪಲಿಲ್ಲ. ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, 2013ರ ಏಪ್ರಿಲ್ 15ರಂದು ಆರು ತಿಂಗಳೊಳಗೆ ಸಿಂಹಗಳನ್ನು ಸಾಗಿಸಬೇಕೆಂದು ತೀರ್ಪಾಯಿತು. ನವಾಬನು ಅತಿಥಿಗಳಿಗೆ ಹೇಳಿಕಳುಹಿಸುತ್ತಿದ್ದ ಹಾಗೆ ಈ ಸಲ ‘ಇರುವುದೇ ಇಷ್ಟು’ ಎನ್ನುವಂತಿರಲಿಲ್ಲ; ಆದರೂ ಸಿಂಹವು ಗಡಿ ದಾಟಲಿಲ್ಲ. ಸೌರಾಷ್ಟ್ರದೊಳಗಿನ ಬರ್ಡಾ ಗುಡ್ಡಗಳಿಗೆ 2023ರಲ್ಲಿ ಒಂದು ಸಿಂಹವು ತಾನಾಗಿಯೇ ನಡೆದು ಬಂದಿತು. 2025ರಲ್ಲಿ ಅಲ್ಲಿ 17 ಇದ್ದುವು. ಕೂನೋಗೆ 2022ರ ಸೆಪ್ಟೆಂಬರ್‌ನಲ್ಲಿ ನಮೀಬಿಯಾದಿಂದ ವಿಮಾನದಲ್ಲಿ ಚೀತಾಗಳು ಬಂದುವು. ಸಿಂಹಕ್ಕಾಗಿ ಮನೆಮಠ ಬಿಟ್ಟು ಕಾಡಿನಂಚಿನ ಹೊಲಗಳಿಗೆ ಬಂದ ಸಹರಿಯಾ ಕುಟುಂಬಗಳ ಮಕ್ಕಳು ಅಷ್ಟರಲ್ಲಿ ಬೆಳೆದು ದೊಡ್ಡವರಾಗಿದ್ದರು.